ಓದು ಒಕ್ಕಾಲು

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆಯನ್ನು ನಮ್ಮ ತಂದೆಯವರು ಶಾಲೆಯ ಪಾಠಕ್ಕಾಗಿ ಎಂದೂ ಬಳಸಿದವರಲ್ಲ. ಬೆಳಗಿನ ಪ್ರಾರ್ಥನೆಗೆ ಬಳಸುತ್ತಿದ್ದರು. ಕಾಕತಿಯ ನಮ್ಮ ಮನೆಯಲ್ಲಿ ಕೋಳಿ ಕೂಗುವ ಹೊತ್ತಿಗೆ ಕಂದೀಲು ಹೊತ್ತಿಸಿ, ಕಂಬಳಿಯ ಮೇಲೆ ಎಲ್ಲರನ್ನೂ ಕೂಡ್ರಿಸಿ, ಸತ್ಯವೇದದ ಒಂದು ಅಧ್ಯಾಯವನ್ನು ಓದುವುದು ಅವರ ನಿತ್ಯದ ನೇಮವಾಗಿತ್ತು. ಓದು ಮುಗಿದ ಮೇಲೆ ಗ್ರಂಥವನ್ನು ಮುಚ್ಚಿ, ಅದರ ಮೇಲೆ ಕೈಯಿಟ್ಟು, “ಒಕ್ಕಾಲು ಆತು, ಇನ್ನ ಮುಕ್ಕಾಲು ಹೊರಗ ಐತಿ” ಎಂದು ಹೇಳಿ ಏಳುತ್ತಿದ್ದರು. ಹೊರಗೆ ಇದ್ದದ್ದು ಎಮ್ಮೆ, ಹೊಲ, ಬೆಳಗಾವಿಗೆ ಹೋಗುವ ರಸ್ತೆ. ಧರ್ಮಗ್ರಂಥದ ಮುಕ್ಕಾಲು ಪಾಲು ಅಲ್ಲಿ ಏಕೆ ಇರಬೇಕೆಂದು ಹುಡುಗನಾದ ನನಗೆ ಸೋಜಿಗವಾಗುತ್ತಿತ್ತು. ಅದು ತಿಳಿಯುವುದಕ್ಕೆ ಐವತ್ತು ವರ್ಷ ಬೇಕಾದುವು; ಅದೂ ಒಬ್ಬ ಕೂಲಿ ಹೆಂಗಸಿನಿಂದ.

ಕ್ರೈಸ್ತ ಮನೆಗಳಲ್ಲಿ ವೇದವಾಚನ ಕಡಿಮೆಯಾಗುತ್ತಿದೆ ಎಂದು ಬೋಧಕರು ಆಗಾಗ ಮರುಗುವುದುಂಟು. ನನ್ನ ಚಿಂತೆ ಬೇರೆ. ವಾಚನ ತಪ್ಪದೆ ನಡೆಯುವ ಮನೆಗಳಲ್ಲಿ ಅದು ಏನು ಮಾಡುತ್ತಿದೆ ಎಂಬುದನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ. ನಾನೂ ಅಂಥ ಮನೆಯವನೇ ಆದುದರಿಂದ ದೂರು ಮೊದಲು ನನ್ನ ಮೇಲೆಯೇ. ಇತರ ಧರ್ಮದ ವಾಚಕರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ಮಗುಚಬಾರದು. ಗ್ರಂಥದ ಹೆಸರನ್ನು ಬದಲಿಸಿಕೊಂಡರೆ ಮಾತು ಅವರ ಮನೆಗೂ ಸಲ್ಲಬಹುದು. ‘ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ’ ಎಂಬ ಗಾದೆ ಹುಟ್ಟಿದ್ದು ಕ್ರೈಸ್ತರ ಕೇರಿಯಲ್ಲಿ ಅಲ್ಲವಷ್ಟೆ!

ದಿನಕ್ಕೊಂದು ವೇದಭಾಗವೆಂಬ ಪದ್ಧತಿಗೆ ತನ್ನದೇ ಆದ ಚರಿತ್ರೆಯುಂಟು. ಜರ್ಮನಿಯ ಹೆರ್ನ್‌ಹೂಟ್ ಎಂಬ ಪುಟ್ಟ ಊರಿನಲ್ಲಿ ಮೊರೇವಿಯನ್ ಸಹೋದರರೆಂಬ ಭಕ್ತರ ಗುಂಪೊಂದು ನೆಲಸಿತ್ತು. ಅವರಿಗೆ ಆಶ್ರಯ ಕೊಟ್ಟ ಕೌಂಟ್ ಝಿನ್‌ಝೆನ್‌ಡಾರ್ಫನು 1728ನೆಯ ಮೇ 3ರ ಸಂಜೆ, ಮರುದಿನ ನೆನಪಿನಲ್ಲಿಟ್ಟುಕೊಳ್ಳಿರೆಂದು ಒಂದು ಮಾತನ್ನು ಅವರಿಗೆ ಕೊಟ್ಟನು. ಅಲ್ಲಿಂದ ಮುಂದೆ ಪ್ರತಿ ಬೆಳಗ್ಗೆ ಒಬ್ಬ ಸಹೋದರನು ಆ ದಿನದ ಮಾತನ್ನು ಮನೆಮನೆಗೆ ಮುಟ್ಟಿಸಿ ಬರುತ್ತಿದ್ದನು. 1731ರಿಂದ ಅವು ವರ್ಷವರ್ಷವೂ ಪುಸ್ತಕವಾಗಿ ಅಚ್ಚಾಗುತ್ತ ಬಂದಿವೆ. ಇಂಗ್ಲಂಡಿನಲ್ಲಿ ಸ್ಕ್ರಿಪ್ಚರ್ ಯೂನಿಯನ್ ಸಂಸ್ಥೆಯ ದಿನವಾಚನದ ಕಾರ್ಡುಗಳು ಹೊರಟದ್ದು 1879ರಲ್ಲಿ. ನಮ್ಮ ಮನೆಗಳ ಗೋಡೆಯ ಮೇಲಿನ ಓದಿನ ಪಟ್ಟಿಗಳು ಈ ವಂಶದವೇ.

ಹೆರ್ನ್‌ಹೂಟಿನವರು ಆ ದಿನದ ಮಾತಿಗೆ ಇಟ್ಟ ಹೆಸರು ‘ಲೋಸುಂಗ್’. ದಂಡಿನ ಪಾಳೆಯದಲ್ಲಿ ತಮ್ಮವರನ್ನು ಗುರುತಿಸಲು ಕಾವಲುಗಾರರು ದಿನಕ್ಕೊಂದು ಗುಟ್ಟಿನ ಮಾತನ್ನು ಇಟ್ಟುಕೊಳ್ಳುವುದುಂಟಷ್ಟೆ. ಅದಕ್ಕೆ ಆ ಹೆಸರು. ಅಂಥ ಮಾತು ಬಿಡಾರದೊಳಗೆ ಕುಳಿತವನಿಗೆ ಬೇಕಾಗುವುದಿಲ್ಲ. ಕತ್ತಲೆಯಲ್ಲಿ ಹೊರಗೆ ಹೊರಟವನಿಗೆ, ಎದುರಿಗೆ ಬಂದವನು “ಯಾರು?” ಎಂದು ಕೇಳಿದಾಗ ಬೇಕಾಗುತ್ತದೆ. ನಮ್ಮ ತಂದೆಯವರು ಝಿನ್‌ಝೆನ್‌ಡಾರ್ಫನ ಹೆಸರನ್ನು ಕೇಳಿದ್ದರೋ ಇಲ್ಲವೋ. ಮುಕ್ಕಾಲು ಪಾಲು ಹೊರಗಿದೆ ಎಂದು ಅವರು ಹೇಳುತ್ತಿದ್ದುದು ಇದನ್ನೇ.

ಈ ಗ್ರಂಥ ನಮ್ಮ ಕೈಗೆ ಸುಲಭವಾಗಿ ಬಂದುದಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರು ಕನ್ನಡವನ್ನು ಕಲಿತು ಭಾಷಾಂತರಕ್ಕೆ ತೊಡಗಿದರು. ಸಂಪೂರ್ಣ ಸತ್ಯವೇದ ಕನ್ನಡದಲ್ಲಿ ಆದದ್ದು 1831ರಲ್ಲಿ; ಅಂದರೆ ಒಬ್ಬ ಮನುಷ್ಯನ ದುಡಿಯುವ ವಯಸ್ಸಿನ ಬಹುಭಾಗ ಅದರಲ್ಲಿ ಸಂದಿತು. ನಮ್ಮ ನೆರೆಯ ಮರಾಠಿಯಲ್ಲಿ ಪಂಡಿತಾ ರಮಾಬಾಯಿಯವರು ಮಾಡಿದ್ದು ಇನ್ನೂ ದೊಡ್ಡ ಮಾತು. ಕನ್ನಡ ನೆಲದಲ್ಲಿಯೇ 1858ರಲ್ಲಿ ಹುಟ್ಟಿದ ಆ ತಾಯಿ, ಕೇಡಗಾಂವದ ತಮ್ಮ ಮುಕ್ತಿ ಮಿಶನ್ನಿನಲ್ಲಿ ಕುಳಿತು ಹಿಬ್ರೂ ಮತ್ತು ಗ್ರೀಕ್ ಮೂಲಗಳಿಂದ ಸತ್ಯವೇದವನ್ನು ಸರಳ ಮರಾಠಿಗೆ ತಂದರು. ಇದ್ದ ಭಾಷಾಂತರ ಪಂಡಿತರ ಭಾಷೆಯಲ್ಲಿದೆ, ಬೀಸುವ ಕಲ್ಲಿನ ಮುಂದೆ ಕೂಡುವ ಹೆಂಗಸಿಗೆ ತಿಳಿಯುವುದಿಲ್ಲ ಎಂಬುದೇ ಅವರ ಕೊರಗು. 1922ರಲ್ಲಿ ಅವರು ತೀರಿಕೊಂಡ ಬಳಿಕ, 1924ರಲ್ಲಿ ಅದು ಪ್ರಕಟವಾಯಿತು. ಇಷ್ಟು ಜನ ಇಷ್ಟು ಕಾಲ ಬೆವರು ಸುರಿಸಿದ್ದು ನಾವು ಅಧ್ಯಾಯಗಳನ್ನು ಎಣಿಸಲೆಂದೇ?

ನಾನು ಎಣಿಸುತ್ತಿದ್ದೆ. ಸತ್ಯವೇದದಲ್ಲಿ 66 ಗ್ರಂಥಗಳು, 1189 ಅಧ್ಯಾಯಗಳು. ವಾರದ ದಿನ ಮೂರು, ರವಿವಾರ ಐದು ಓದಿದರೆ ವರ್ಷದೊಳಗೆ ಮುಗಿಯುತ್ತದೆ. ಲೆಕ್ಕದ ಮಾಸ್ತರನಾದ ನನಗೆ ಈ ಲೆಕ್ಕ ಬಹು ಹಿಡಿಸಿತ್ತು. ಓದಿದ ಅಧ್ಯಾಯದ ಎದುರಿಗೆ ಕೆಂಪು ಸೀಸದಕಡ್ಡಿಯಿಂದ ಗುರುತು ಹಾಕುತ್ತಿದ್ದೆ. ಡಿಸೆಂಬರಿನ ಕೊನೆಗೆ ಪಟ್ಟಿಯೆಲ್ಲ ಕೆಂಪಾದುದನ್ನು ಕಂಡು ಹಿಗ್ಗುತ್ತಿದ್ದೆ. ಈಗಂತೂ ಮೊಬೈಲು ಫೋನೇ ಬೆಳಗ್ಗೆ ಗಂಟೆ ಬಾರಿಸಿ ಅಧ್ಯಾಯವನ್ನು ಮುಂದಿಡುತ್ತದೆ. ಇಷ್ಟು ದಿನ ಬಿಡದೆ ಓದಿದಿರೆಂದು ಶಭಾಸ್ ಎನ್ನುತ್ತದೆ.

ಕೆಲವು ವರ್ಷಗಳ ಹಿಂದೆ ಮಳೆಗೆ ನಮ್ಮ ಹಿತ್ತಲ ಗೋಡೆ ಬಿದ್ದಿತು. ಗೌಂಡಿಯ ಕೈಕೆಳಗೆ ಕಲ್ಲು ಮಣ್ಣು ಹೊರಲು ನಮ್ಮೂರ ಹೆಂಗಸೊಬ್ಬಳು ಬಂದಿದ್ದಳು. ಶನಿವಾರ ಸಂಜೆ ಕೆಲಸ ಮುಗಿಸಿ, ಕೈಕಾಲು ತೊಳೆದುಕೊಂಡು, ಬಾಗಿಲ ಬಳಿ ನಿಂತಳು. ನನ್ನ ಹತ್ತಿರ ಐನೂರರ ನೋಟುಗಳಿದ್ದುವು, ಚಿಲ್ಲರೆ ಇರಲಿಲ್ಲ. “ಚಿಲ್ಲರ ಇಲ್ಲವ್ವಾ, ಸೋಮವಾರ ಬಾ, ಕೂಡೇ ಕೊಡತೇನಿ” ಎಂದೆ. ಅವಳು ಒಂದು ಕ್ಷಣ ನಿಂತು, “ಹಂಗ ಆಗಲಿರಿ ಸರ” ಎಂದು ಬುಟ್ಟಿಯನ್ನು ಎತ್ತಿಕೊಂಡು ಹೊರಟಳು. ಜಗಳವಿಲ್ಲ, ಬೇಡಿಕೆಯಿಲ್ಲ. ನಾನು ಒಳಗೆ ಬಂದು ಚಹಾ ಕುಡಿದೆ.

ರಾತ್ರಿ ಊಟವಾದ ಮೇಲೆ ಮಾರನೆಯ ದಿನದ ಭಾಗವನ್ನು ನೋಡಿಡೋಣವೆಂದು ಗ್ರಂಥವನ್ನು ತೆರೆದೆ. ತೆರೆದದ್ದು ಬೆಳಗಿನ ಪುಟಕ್ಕೇ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ; ಎದುರಿಗೆ ನನ್ನದೇ ಕೆಂಪು ಗುರುತು. ಬಡವನ ಬೀಸುವ ಕಲ್ಲನ್ನು ಒತ್ತೆಯಿಡಿಸಿಕೊಳ್ಳಬಾರದೆಂದು ಹೇಳುವ ಅಧ್ಯಾಯ ಅದು. ಕೂಲಿಯವರ ಕೂಲಿಯನ್ನು ಆ ದಿನವೇ, ಹೊತ್ತು ಮುಳುಗುವುದಕ್ಕೆ ಮೊದಲೇ ಕೊಡಬೇಕು, ಅವರ ಜೀವ ಅದರ ಮೇಲೆಯೇ ನಿಂತಿದೆ ಎಂಬ ಕಟ್ಟಳೆಯೂ ಅಲ್ಲಿಯೇ ಇದೆ. ಹನ್ನೆರಡು ತಾಸಿನ ಹಿಂದೆ ಅದನ್ನು ಗಟ್ಟಿಯಾಗಿ ಓದಿ, ಗುರುತು ಹಾಕಿ, ಪ್ರಾರ್ಥನೆ ಮಾಡಿ ಎದ್ದವನು ನಾನು.

ಪಕ್ಕದ ಅಂಗಡಿಯನ್ನು ತೆರೆಸಿ ನೋಟು ಮುರಿಸಿಕೊಂಡು ಅವಳ ಮನೆಯನ್ನು ಹುಡುಕಿ ಹೋದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. “ಇಷ್ಟ ರಾತ್ರ್ಯಾಗ ಯಾಕ ಬರಾಕ ಹೋದ್ರಿ ಸರ? ಎದುರುಮನಿಯಿಂದ ಹಿಟ್ಟ ಕಡಾ ತಂದೇನ್ರಿ” ಎಂದಳು. ಆಕ್ಷೇಪಿಸುವ ಧ್ವನಿಯಲ್ಲ, ಚಿಂತೆ ಮಾಡಬೇಡಿರೆಂದು ನನ್ನನ್ನೇ ಸಮಾಧಾನಪಡಿಸುವ ಧ್ವನಿ. ನನ್ನ ಕಿಸೆಯಲ್ಲಿದ್ದ ಹಣ ಅವಳದು. ಅವಳು ಸಾಲದ ಹಿಟ್ಟಿನಲ್ಲಿ ಮಕ್ಕಳಿಗೆ ರೊಟ್ಟಿ ಬಡಿಯುತ್ತಿದ್ದಾಗ ನಾನು ದೇವರ ವಾಕ್ಯದ ಮುಂದೆ ಕುಳಿತಿದ್ದೆ. ಚಿಲ್ಲರೆ ದೊರಕಿಸುವುದಕ್ಕೆ ನನಗೆ ಹಿಡಿದದ್ದು ಐದು ನಿಮಿಷ.

ಆ ರಾತ್ರಿ ಒಂದು ಮಾತು ನನಗೆ ಸ್ಪಷ್ಟವಾಯಿತು. ನಾವು ಓದಿದ್ದನ್ನು ಬದುಕಿಗೆ ಅನ್ವಯಿಸುವುದೇ ಇಲ್ಲವೆನ್ನುವುದು ಸುಳ್ಳು. ಅನ್ವಯಿಸುತ್ತೇವೆ; ಆದರೆ ಹಂಚಿಕೆಯಲ್ಲಿ ಪಕ್ಷಪಾತ ಮಾಡುತ್ತೇವೆ. ವಾಗ್ದಾನಗಳೆಲ್ಲ ನಮ್ಮ ಪಾಲಿಗೆ, ಆಜ್ಞೆಗಳೆಲ್ಲ ನೆರೆಯವರ ಪಾಲಿಗೆ. ಹೊಸ ವರ್ಷದ ಹಿಂದಿನ ರಾತ್ರಿ ಎಷ್ಟೋ ಸಭೆಗಳಲ್ಲಿ ವಾಗ್ದಾನದ ಕಾರ್ಡುಗಳನ್ನು ಹಂಚುವ ವಾಡಿಕೆಯಿದೆ. ಆಶೀರ್ವಾದ, ಆರೋಗ್ಯ, ಕಾಪಾಡುವಿಕೆ—ಇವೇ ಅದರಲ್ಲಿ ಬರುತ್ತವೆ. ಕಳ್ಳ ತಕ್ಕಡಿಯನ್ನು ಕುರಿತ ಜ್ಞಾನೋಕ್ತಿಯಾಗಲಿ, ಕೊಯ್ಲಿನವರ ಕೂಲಿಯನ್ನು ತಡೆಹಿಡಿದ ಹಣವಂತರನ್ನು ಕುರಿತ ಯಾಕೋಬನ ಮಾತಾಗಲಿ ಬರೆದ ಕಾರ್ಡು ಯಾರಿಗಾದರೂ ಬಂದುದನ್ನು ನಾನು ಕಂಡಿಲ್ಲ. ಸಂಕಟಕಾಲದಲ್ಲಿ ಸಂತೈಸುವ ಮಾತು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅದೊಂದನ್ನೇ ಆರಿಸಿಕೊಂಡರೆ ಶಕುನ ಕೇಳುವುದಕ್ಕೂ ವೇದ ಓದುವುದಕ್ಕೂ ಉಳಿಯುವ ಭೇದವೇನು?

ಈ ಪಕ್ಷಪಾತದ ಒಂದು ದೊಡ್ಡ ಉದಾಹರಣೆ ನಮ್ಮ ಊರಿಗೇ ಸೇರಿದೆ. ಕಿತ್ತೂರ ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ, ಇದೇ ಕಾಕತಿಯಲ್ಲಿ. ಕಂಪನಿ ಸರಕಾರ ಬೆಳಗಾವಿಯ ಕೋಟೆಯನ್ನು ಹಿಡಿದದ್ದು 1818ರಲ್ಲಿ. ಬಳ್ಳಾರಿಯಿಂದ ಜೋಸೆಫ್ ಟೇಲರ್ ಎಂಬ ಬೋಧಕರು ಬಂದು ಇಲ್ಲಿ ಮಿಶನ್ನಿನ ಕೆಲಸವನ್ನು ಆರಂಭಿಸಿದ್ದು 1820ರಲ್ಲಿ. ನಾಲ್ಕು ವರ್ಷ ಕಳೆಯುವುದರೊಳಗೆ, 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡನು. ಸಂಸ್ಥಾನದವರು ಮಾಡಿಕೊಂಡ ದತ್ತಕವನ್ನು ಕಂಪನಿ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ದಂಡಿನೊಡನೆ ಕಿತ್ತೂರಿಗೆ ಬಂದು ಅಕ್ಟೋಬರ್ 23ರಂದು ಅಲ್ಲಿಯೇ ಮಡಿದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣು ಮುಚ್ಚಿದಳು.

ಅರಸುಗಳ ಮೊದಲನೆಯ ಗ್ರಂಥದ 21ನೆಯ ಅಧ್ಯಾಯದಲ್ಲಿ ನಾಬೋತನ ಕಥೆಯಿದೆ. ಅರಸನಾದ ಅಹಾಬನಿಗೆ ತನ್ನ ಅರಮನೆಯ ಪಕ್ಕದ ದ್ರಾಕ್ಷಾತೋಟದ ಮೇಲೆ ಕಣ್ಣು. ಬೆಲೆ ಕೊಡುತ್ತೇನೆಂದರೂ, ಬದಲಿಗೆ ಒಳ್ಳೆಯ ತೋಟ ಕೊಡುತ್ತೇನೆಂದರೂ, ಪಿತ್ರಾರ್ಜಿತವನ್ನು ಬಿಡಲು ನಾಬೋತನು ಒಪ್ಪಲಿಲ್ಲ. ಆಗ ರಾಣಿ ಈಜೆಬೆಲಳು ಅರಸನ ಮುದ್ರೆಯೊತ್ತಿದ ಕಾಗದಗಳನ್ನು ಹೊರಡಿಸಿದಳು. ಸುಳ್ಳು ಸಾಕ್ಷಿಗಳು ನಿಂತರು. ನಾಬೋತನು ಕಲ್ಲೇಟಿಗೆ ಸತ್ತನು. ತೋಟ ಅರಮನೆಗೆ ಸೇರಿತು. ಎಲ್ಲವೂ ಕಾಗದದ ಮೇಲೆ ಸರಿಯಾಗಿಯೇ ನಡೆಯಿತು. ಪ್ರವಾದಿಯಾದ ಎಲೀಯನು ಬಂದು ಎದುರಿಗೆ ನಿಲ್ಲುವ ತನಕ ಯಾರಿಗೂ ಅದರಲ್ಲಿ ಕೊಲೆ ಕಾಣಲಿಲ್ಲ. ಎರಡು ಕಥೆಗಳೂ ಒಂದೇ ಎನ್ನುವುದು ಸರಿಯಲ್ಲ. ಆದರೆ ಕಂಪನಿಯ ಪಾಳೆಯದಲ್ಲಿ ಈ ಗ್ರಂಥವಿತ್ತು, ಬೋಧಿಸುವವರಿದ್ದರು. ನೆರೆಯವನ ಪಿತ್ರಾರ್ಜಿತವನ್ನು ಕಾಗದದ ಬಲದಿಂದ ಕಬಳಿಸುವುದಕ್ಕೆ ಅದರಲ್ಲಿ ಏನು ಹೆಸರಿದೆ ಎಂಬುದು ಓದಿದವನಿಗೆ ತಿಳಿಯದ ಗುಟ್ಟಲ್ಲ. ಕಿತ್ತೂರಿನ ಕೋಟೆ ಬಿದ್ದ ಏಳು ವರ್ಷಕ್ಕೆ ಕನ್ನಡ ಸತ್ಯವೇದ ಪೂರ್ಣವಾಯಿತು. ಅದರಲ್ಲಿ ನಾಬೋತನ ಕಥೆಯೂ ಇತ್ತು. ಕಾಕತಿಯ ಕ್ರೈಸ್ತನು ಈ ಎರಡೂ ಸಂಗತಿಗಳನ್ನು ಒಟ್ಟಿಗೆ ನೆನಪಿಡಬೇಕು. ಗ್ರಂಥಕ್ಕಾಗಿ ಕೃತಜ್ಞನಾಗಿರುವುದಕ್ಕೂ, ಅದನ್ನು ತಂದ ಕಾಲದ ಅನ್ಯಾಯವನ್ನು ಅನ್ಯಾಯವೆನ್ನುವುದಕ್ಕೂ ವಿರೋಧವಿಲ್ಲ. ಹಾಗೆ ಅನ್ನಲು ಬೇಕಾದ ಮಾತನ್ನು ಆ ಗ್ರಂಥವೇ ಕೊಡುತ್ತದೆ.

ಇಲ್ಲಿ ಕೆಲವರು ಅಡ್ಡ ಬರುತ್ತಾರೆ. ರಕ್ಷಣೆ ಕೃಪೆಯಿಂದ ದೊರೆಯುವಂಥದು, ಕ್ರಿಯೆಗಳಿಂದಲ್ಲ. ನೀವು ವೇದವಾಚನಕ್ಕೆ ಮತ್ತೆ ಕಟ್ಟಳೆಯ ನೊಗವನ್ನು ಹೂಡುತ್ತಿದ್ದೀರಿ ಎನ್ನುತ್ತಾರೆ. ಈ ಆಕ್ಷೇಪಣೆ ಹಗುರವಾದುದಲ್ಲ. ಮಾರ್ಟಿನ್ ಲೂಥರನು 1522ರಲ್ಲಿ ಯಾಕೋಬನ ಪತ್ರಿಕೆಯನ್ನು ಹುಲ್ಲಿನ ಪತ್ರಿಕೆಯೆಂದು ಕರೆದದ್ದು ಈ ಭಯದಿಂದಲೇ. ಆದರೆ ನಂಬಿಕೆ ಸುಮ್ಮನೆ ಕೂಡುವ ವಸ್ತುವಲ್ಲ, ಒಳ್ಳೆಯದನ್ನು ಮಾಡದೆ ಇರಲಾರದ ಜೀವಂತ ವಸ್ತು ಎಂದು ಸಾರಿದವನೂ ಅದೇ ಲೂಥರನು. ನನ್ನ ಉತ್ತರ ಇನ್ನೂ ಸರಳವಾದುದು. ಕೂಲಿಯವಳಿಗೆ ಕೂಲಿ ಕೊಟ್ಟರೆ ಪರಲೋಕ ಸಿಕ್ಕುತ್ತದೆಂದು ನಾನು ತಿಳಿದಿಲ್ಲ. ಅದು ಅವಳ ಹಣ. ಕೊಡುವುದರಲ್ಲಿ ಪುಣ್ಯದ ಮಾತೇ ಇಲ್ಲ. ಕೃಪೆಯ ಹೆಸರಿನಲ್ಲಿ ಅವಳನ್ನು ಸೋಮವಾರದ ತನಕ ಕಾಯಿಸುವುದಾದರೆ, ಆ ಕೃಪೆಯ ಖರ್ಚನ್ನು ಕೊಡುವವಳು ಅವಳು.

ಇನ್ನು ಕೆಲವರು, ಎರಡು ಸಾವಿರ ವರ್ಷದ ಹಿಂದಿನ ಮಾತನ್ನು ಇಂದಿನ ದಿನಕ್ಕೆ ನೇರವಾಗಿ ಹಚ್ಚುವುದು ಅಪಾಯವೆನ್ನುತ್ತಾರೆ. ಇದೂ ನಿಜವೇ. ಅಮೆರಿಕದಲ್ಲಿ ಗುಲಾಮರನ್ನು ಇಟ್ಟುಕೊಂಡವರು ಪೌಲನ ಪತ್ರಿಕೆಗಳನ್ನೇ ಮುಂದೆ ಮಾಡಿದರು. ಕ್ರಿಸ್ತನಲ್ಲಿ ಭೇದವಿಲ್ಲವೆಂದು ಓದುತ್ತಲೇ ನಮ್ಮ ದೇಶದ ಕೆಲವು ಸಭೆಗಳು ಹೆಣ ಹೂಳುವಲ್ಲಿಯೂ ಜಾತಿಯನ್ನು ಬಿಡಲಿಲ್ಲ. ಹಾಗಾದರೆ ಸರಿಯಾದ ಅನ್ವಯವನ್ನು ಗುರುತಿಸುವುದು ಹೇಗೆ? ನಾನು ಕಂಡುಕೊಂಡ ಒರೆಗಲ್ಲು ಒಂದೇ: ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂದು ನೋಡುವುದು. ಓದಿದವನು ತೆರುವುದಾದರೆ ಅನ್ವಯ ಬಹುಶಃ ಸರಿ. ಪಕ್ಕದವನು ತೆರುವುದಾದರೆ ಮತ್ತೊಮ್ಮೆ ಓದಬೇಕು.

ಜರ್ಮನಿಯ ಬೋಧಕ ಡೀಟ್ರಿಕ್ ಬೊನ್‌ಹೋಫರ್ 1939ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿದ್ದನು. ಹಿಟ್ಲರನ ಆಳಿಕೆಯಿಂದ ದೂರ, ಸುರಕ್ಷಿತ ಸ್ಥಳ. ತನ್ನವರ ನಡುವಿಗೆ ಮರಳಬೇಕೆಂದು ಅವನು ಆಗಲೇ ನಿಶ್ಚಯಿಸಿದ್ದನು. ಚಳಿಗಾಲಕ್ಕೆ ಮೊದಲು ಬಂದು ತನ್ನನ್ನು ಕೂಡಿಕೊಳ್ಳಬೇಕೆಂದು ಸೆರೆಯಲ್ಲಿದ್ದ ಪೌಲನು ತಿಮೊಥೆಯನಿಗೆ ಬರೆದ ಕೋರಿಕೆ ಜೂನ್ 26ರಂದು ಅವನ ಕಣ್ಣಿಗೆ ಬಿದ್ದಿತು. ಅದು ದಿನವಿಡೀ ತನ್ನ ಬೆನ್ನು ಬಿಡಲಿಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಮುಂದಿನ ತಿಂಗಳು ಹಡಗು ಹತ್ತಿದನು. 1945ನೆಯ ಏಪ್ರಿಲ್ 9ರಂದು ಗಲ್ಲಿಗೇರಿದನು. ಆ ಕೋರಿಕೆಯನ್ನು ತನ್ನದೆಂದು ತೆಗೆದುಕೊಂಡದ್ದರ ಬೆಲೆಯನ್ನು ಅವನು ಬೇರೆ ಯಾರಿಂದಲೂ ತೆರಿಸಲಿಲ್ಲ.

ನಮ್ಮ ಬೆಳಗಾವಿಯ ಮಾತನ್ನೇ ಹೇಳುವುದಾದರೆ, 1924ರ ಡಿಸೆಂಬರಿನಲ್ಲಿ ಇಲ್ಲಿ ಕೂಡಿದ ಕಾಂಗ್ರೆಸ್ಸಿಗೆ ಮಹಾತ್ಮಾ ಗಾಂಧಿಯವರು ಅಧ್ಯಕ್ಷರಾಗಿದ್ದರು. ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಬೈಬಲಿನ ಮೊದಲ ಭಾಗಗಳನ್ನು ಓದುತ್ತ ತಮಗೆ ನಿದ್ರೆ ಬರುತ್ತಿತ್ತೆಂದು ಅವರು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಪರ್ವತಪ್ರಸಂಗ ಮಾತ್ರ ನೇರವಾಗಿ ಎದೆಗೆ ನಾಟಿತೆಂದೂ ಬರೆದಿದ್ದಾರೆ. ಮತ್ತಾಯನ ಸುವಾರ್ತೆಯ ಆ ಮೂರು ಅಧ್ಯಾಯಗಳನ್ನು ಅವರು ಹೇಗೆ ಬದುಕಿದರೆಂಬುದನ್ನು ನಾನು ಹೇಳಬೇಕಾಗಿಲ್ಲ. 1189ರಲ್ಲಿ ಮೂರು! ನಾವು 1189ನ್ನೂ ಓದಿ ಮುಗಿಸಿದವರು.

ಈಗ ನಾನು ವರ್ಷಕ್ಕೆ ಗ್ರಂಥ ಮುಗಿಸುವ ಗೊಡವೆಗೆ ಹೋಗುವುದಿಲ್ಲ. ಬೆಳಗ್ಗೆ ಸ್ವಲ್ಪವೇ ಓದುತ್ತೇನೆ. ರಾತ್ರಿ ಅದನ್ನೇ ಮತ್ತೆ ಓದುತ್ತೇನೆ. ಬೆಳಗಿನ ಓದಿಗಿಂತ ರಾತ್ರಿಯ ಓದು ಕಷ್ಟ. ನಡುವೆ ಒಂದು ದಿನ ಕಳೆದಿರುತ್ತದೆ. ಒಬ್ಬನೇ ಓದುವುದನ್ನೂ ಬಿಟ್ಟಿದ್ದೇನೆ. ಮನೆಯವರು ಕೂಡಿದ್ದರೆ, ನಾನು ಮೆಲ್ಲಗೆ ದಾಟಿಸುವ ಮಾತನ್ನು ಅವರು ದಾಟಿಸಗೊಡುವುದಿಲ್ಲ. ಕೆಂಪು ಗುರುತಿನ ಬದಲು ಪುಟದ ಅಂಚಿನಲ್ಲಿ, ಆ ಮಾತು ಯಾರ ವಿಷಯದಲ್ಲಿ ನನ್ನನ್ನು ಕರೆಯುತ್ತಿದೆಯೋ ಅವರ ಹೆಸರನ್ನು ಸೀಸದಕಡ್ಡಿಯಿಂದ ಬರೆಯುತ್ತೇನೆ. ಕೆಲಸ ಆದ ಮೇಲೆ ಅಳಿಸುತ್ತೇನೆ. ಅಳಿಸಿದ ಹೆಸರುಗಳು ಕೆಲವು, ಉಳಿದವು ಹೆಚ್ಚು.

ನಾಬೋತನ ಅಧ್ಯಾಯದ ಅಂಚಿನಲ್ಲಿ ನಮ್ಮ ದಾಯಾದಿಯೊಬ್ಬನ ಹೆಸರಿದೆ. ಅವನ ಹೊಲಕ್ಕೂ ನಮ್ಮ ಹೊಲಕ್ಕೂ ನಡುವೆ ಒಂದು ಬದುವುಂಟು. ಹೆದ್ದಾರಿ ಅಗಲವಾಗಿ ಇಲ್ಲಿಯ ನೆಲಕ್ಕೆ ಬೆಲೆ ಬಂದ ಮೇಲೆ ಆ ಬದು ಎರಡು ಮೊಳ ಅವನ ಕಡೆಗೆ ಸರಿಯಿತು. ಬದುಗಳು ತಾವಾಗಿ ನಡೆಯುವುದಿಲ್ಲ. ಉಳುವ ಆಳು ಸರಿಸಿದ. ನಾನು ಕಂಡೂ ಕಾಣದವನಂತಿದ್ದೆ. ಎಷ್ಟೋ ಡಿಸೆಂಬರುಗಳಲ್ಲಿ ನನ್ನ ಪಟ್ಟಿ ಕೆಂಪಾದದ್ದು ಆ ಎರಡು ಮೊಳ ನೆಲವನ್ನು ಇಟ್ಟುಕೊಂಡೇ. ಹೋದ ತಿಂಗಳು ಅವನನ್ನು ಕರೆದುಕೊಂಡು ಹೋಗಿ, ಹಗ್ಗ ಹಿಡಿದು ಅಳೆದೆವು. ಅವನು ಹೆಚ್ಚು ಮಾತಾಡಲಿಲ್ಲ. ಬದು ಮೊದಲಿನ ಜಾಗಕ್ಕೆ ಬಂದಿದೆ. ಆದರೆ ತಪ್ಪು ನನ್ನದೆಂದು ಬಾಯಿಬಿಟ್ಟು ಹೇಳಲು ಅವನ ಮನೆಗೆ ನಾನು ಇನ್ನೂ ಹೋಗಿಲ್ಲ. ಅಂಚಿನಲ್ಲಿ ಅವನ ಹೆಸರು ಹಾಗೆಯೇ ಇದೆ.